ಹನ್ನೊಂದು ಸೆಕೆಂಡಿನ ದಾರಿ

ಖಾರೆವಾಡೊ ಜೆಟ್ಟಿಯಲ್ಲಿ ಐಸಿನ ಪೆಟ್ಟಿಗೆ ಬೋರಲು ಹಾಕಿ
ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಿದ್ದೇನೆ.
ಹನ್ನೊಂದು ದೋಣಿಗೆ ಹನ್ನೊಂದು ಡಬ್ಬಿ,
ಟಿಫಿನ್ನಿನಷ್ಟು ದಪ್ಪ, ಒಂದೊಂದಕ್ಕೂ ಗೇಣುದ್ದ ಕೋಡು.
ಸಮುದ್ರದಲ್ಲಿ ಟವರ್ ನೆಡುವವರಿಲ್ಲ.
ದೋಣಿಯೇ ಟವರು, ದೋಣಿಯೇ ಅಂಚೆಯಾಳು,
ದೋಣಿಯೇ ವಿಳಾಸ; ಆ ವಿಳಾಸವೂ
ಇದ್ದಲ್ಲಿ ಇರುವುದಲ್ಲ.

ಎರಡು ಸೆಕೆಂಡಿಗೊಮ್ಮೆ ಡಬ್ಬಿಗಳು
ಯಾರು ಯಾರ ಪಕ್ಕ ಅಂತ ಕೇಳಿಕೊಳ್ಳುತ್ತವೆ,
ಕತ್ತಲಲ್ಲಿ ಕೆಮ್ಮುವ ಕಾವಲುಗಾರರ ಹಾಗೆ.
ಹೆಚ್ಚು ಕೇಳಿದರೆ ಬ್ಯಾಟರಿ ಸಾಯುತ್ತದೆ.
ಕಡಿಮೆ ಕೇಳಿದರೆ, ಪಕ್ಕದಲ್ಲೇ ಇದ್ದಾನೆಂದು ನಂಬಿದವನು
ಯಾವಾಗಲೋ ದ್ವೀಪದ ಆಚೆ ಹೋಗಿರುತ್ತಾನೆ.
ನಡುವೆ ಎಲ್ಲೋ ಒಂದು ಅಂಕಿ ಇರಬೇಕು.
ಮೂರು ವಾರದಿಂದ ಹುಡುಕುತ್ತಿದ್ದೇನೆ.

"ಬಾಯ್, ನಿನ್ನ ಡಬ್ಬಿ ಊರವರ ಮಾತನ್ನೆಲ್ಲ ಹೊರುತ್ತೆ,
ನನ್ನ ಬ್ಯಾಟರಿ ಕುಡಿಯುತ್ತೆ," ಅಂದ ಕಾಯ್ತಾನ್.
ನಿನ್ನ ಮಾತು ಬಂದಾಗ ಅವರು ಹೊರುತ್ತಾರೆ ಅಂದೆ.
ನಕ್ಕ. ರಾತ್ರಿ ಹತ್ತಕ್ಕೆ ಸ್ವಿಚ್ ಆರಿಸಿದ.
ನನ್ನ ನಕ್ಷೆಯಲ್ಲಿ ಅವನ ಚುಕ್ಕೆ ಬೂದಿಬಣ್ಣಕ್ಕೆ ತಿರುಗಿತು,
ಅವನ ಹಿಂದಿದ್ದ ಮೂವರೂ ಜೊತೆಗೇ ಮುಳುಗಿದರು;
ಅಲ್ಲಿ ಅವರು ಮೀನು ಹಿಡಿಯುತ್ತಲೇ ಇದ್ದರು, ಅದು ಬೇರೆ.

ಆರನೆಯ ಡಬ್ಬಿಗೆ ಉಪ್ಪುನೀರು ಹೊಕ್ಕು ತಲೆ ಕೆಟ್ಟಿತು.
ಯಾರು ಕೇಳಿದರೂ, ದಡ ನನ್ನ ಪಕ್ಕದಲ್ಲೇ ಇದೆ, ಕೊಡಿ, ಅನ್ನುತ್ತದೆ.
ನಾಲ್ವರು ನಂಬಿ ಕೊಟ್ಟರು. ಕೊಟ್ಟದ್ದೆಲ್ಲ ಒಳಗೇ ಉಳಿಯಿತು.
ಇಂಥವರನ್ನು ಜುವಾರಿನಗರದಲ್ಲಿ ಕಂಡಿದ್ದೇನೆ:
ರೇಷನ್ ಕಾರ್ಡ್ ನನ್ನ ಕೈಯಲ್ಲೇ ಇದೆ ಎಂದು
ಅವ್ವನ ಜೆರಾಕ್ಸೂ ಮುನ್ನೂರು ರೂಪಾಯಿಯೂ ಒಯ್ದವನು.

ಇನ್ನೊಂದು ತೊಡಕಿಗೆ ಅರ್ಧ ಮದ್ದು ಮಾತ್ರ ಇದೆ.
ದ್ವೀಪದ ಈ ಕಡೆ ಎರಡನೆಯ ದೋಣಿ, ಆ ಕಡೆ ಒಂಬತ್ತನೆಯದು,
ಬಂಡೆಯ ತುದಿಯಲ್ಲಿ ಐದು.
ಎರಡರ ದನಿ ಒಂಬತ್ತಕ್ಕೆ ಮುಟ್ಟದು, ಒಂಬತ್ತರದು ಎರಡಕ್ಕೆ;
ಗಾಳಿ ಖಾಲಿ ಇದೆಯೆಂದು
ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ.
ಐದಕ್ಕೆ ಕೇಳುವುದು ಬರೀ ಗುಂಯ್.
ಇಬ್ಬರೂ ಕಿವಿಗೊಟ್ಟು ನೋಡಿಯೇ ಮಾತಾಡಿದ್ದರು.

ಇದನ್ನೆಲ್ಲ ಅವ್ವನಿಗೆ ಹೇಳುವುದು ಸುಲಭ.
ಸಿಂದಗಿಯಿಂದ ಬಂದು ಇಪ್ಪತ್ತೆರಡು ವರ್ಷ
ವಾಸ್ಕೊದ ಸ್ಲ್ಯಾಬುಗಳಿಗೆ ಕಾಂಕ್ರೀಟು ಎತ್ತಿದವಳು:
ಮಿಕ್ಸರಿನಿಂದ ಮೂರನೆಯ ಮಹಡಿವರೆಗೆ ಹೆಂಗಸರ ಸಾಲು,
ಕೈಯಿಂದ ಕೈಗೆ ಗಮೇಲಿ.
ನೀಲಗಂಗವ್ವ ಕೂಸಿಗೆ ಹಾಲು ಕೊಡಲು ಇಳಿದರೆ
ಮೇಲಿನವಳು ಒಂದು ಮೆಟ್ಟಿಲು ಕೆಳಗೆ,
ಕೆಳಗಿನವಳು ಒಂದು ಮೆಟ್ಟಿಲು ಮೇಲೆ;
ಮುಕಾದಮ ಬೀಡಿ ಹಚ್ಚುವಷ್ಟರಲ್ಲಿ
ಸಾಲು ಮತ್ತೆ ಕೂಡಿರುತ್ತಿತ್ತು.
ನಿಮಗ ಹ್ಯಾಂಗ ಗೊತ್ತಾಗ್ತಿತ್ತು, ಕೇಳಿದೆ.
"ಕೈ ಚಾಚಿದ್ರ ಕೈ ಸಿಗಲಿಲ್ಲಂದ್ರ
ಗೊತ್ತಾಗೂದಿಲ್ಲೇನ?"
ಅದನ್ನೇ ನಾನು ನಾನೂರು ಸಾಲು ಕೋಡಿನಲ್ಲಿ ಬರೆದದ್ದು.
ಇನ್ನೂ ಎಲ್ಲೋ ತಪ್ಪಿದೆ.

ರಾತ್ರಿ ಎರಡೂ ನಲವತ್ತು.
ನಕ್ಷೆಯ ಅಂಚಿನಾಚೆಯಿಂದ ಹತ್ತನೆಯ ದೋಣಿ
ದಾರಿ ಕೇಳಿತು. ಮೂರರ ಹತ್ತಿರ ಕೇಳಿತು,
ಮೂರು ಐದನ್ನು, ಐದು ಸುತ್ತಲಿದ್ದವರನ್ನೆಲ್ಲ.
ಬೂದಿ ಚುಕ್ಕೆಯೊಂದು ಹಸಿರಾಯಿತು.
ಆ ಹೊತ್ತಿನಲ್ಲಿ ಸ್ವಿಚ್ ಯಾಕೆ ಹಾಕಿದೆಯೆಂದು
ಕಾಯ್ತಾನ್ ಇವತ್ತಿಗೂ ಹೇಳಿಲ್ಲ.
ಹತ್ತು, ಮೂರು, ಐದು, ಕಾಯ್ತಾನ್, ದಡ.
ಬಂದ ಮಾತು ಇಷ್ಟು:
"ಬಾಬುಲನ ಹೆಬ್ಬೆರಳು ವಿಂಚಿಗೆ ಸಿಕ್ಕಿದೆ.
ಆರಕ್ಕೆ ಬರ್ತೇವೆ. ರಿಕ್ಷಾ ನಿಲ್ಲಿಸಿ."

ಸರಿ, ಎಂದು ಟೈಪ್ ಮಾಡಿದೆ.
ಎಂಟರ್ ಒತ್ತುವಷ್ಟರಲ್ಲಿ ಮೂರು ಸರಿದುಹೋಗಿತ್ತು.
ನನ್ನ 'ಸರಿ' ಐದರ ತನಕ ಹೋಗಿ
ಯಾರೂ ಇಲ್ಲದ ನೀರಿನ ಮೇಲೆ ಕೈ ಚಾಚಿ ನಿಂತಿತು.

ಆರಕ್ಕೆ ರಿಕ್ಷಾ ಇತ್ತು. ಚಾಲಕ ನಿದ್ದೆಯಲ್ಲಿದ್ದ.

ಕಾಲೇಜಿನ ವರದಿಯಲ್ಲೊಂದು ಖಾನೆ:
ದಾರಿ ಎಷ್ಟು ಹೊತ್ತು ಬಾಳಿತು?
ಹನ್ನೊಂದು ಸೆಕೆಂಡು, ಬರೆಯುತ್ತ ಗಟ್ಟಿಯಾಗಿ ಓದಿದೆ.
ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಲೆಕ್ಕ ಹಾಕಿದಳು:
"ನಾಕು ಗಮೇಲಿ."